ಅಮ್ಮನ ಕ್ವಿಜ್‌ಗೊಂದು ಟ್ಯೂನರ್ ಕಾರ್ಡ್

ಅಮ್ಮ ರಾತ್ರಿ ಒಂಬತ್ತಕ್ಕೆ ಮಲಗುತ್ತಾಳೆ, ಬೆಳಗ್ಗೆ ಐದಕ್ಕೆ ಏಳುತ್ತಾಳೆ. ಡಿಡಿ ಚಂದನದಲ್ಲಿ ಪುಸ್ತಕ ಬಹುಮಾನ ಕೊಡುವ ಆ ಕ್ವಿಜ್ ಬರುವುದು ಅವಳು ಮಲಗಿದ ಮೇಲೆ. ಬೆಳಗ್ಗೆ ಕಾಫಿ ಕುಡಿಯುತ್ತಾ ಅದನ್ನು ನೋಡಬೇಕು ಅನ್ನುವುದು ಅವಳ ಆಸೆ. ಈ ಕೆಲಸ ಶುರುವಾಗಿದ್ದು ಇಷ್ಟರಿಂದಲೇ.

ಯೂಟ್ಯೂಬ್‌ನಲ್ಲಿ ಸಿಗುತ್ತಲ್ಲ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಸಿಗುತ್ತದೆ. ಆದರೆ ಅಲ್ಲಿ ಹುಡುಕುವುದು, ಜಾಹೀರಾತು ದಾಟಿಸುವುದು, ನಡುವೆ ಇನ್ನೇನೋ ವಿಡಿಯೊ ಶುರುವಾಗಿ ಗಾಬರಿಯಾಗುವುದು, ಇದೆಲ್ಲ ಅವಳಿಗೆ ಆಗಿಬರುವುದಿಲ್ಲ. ಒಂದು ಗುಂಡಿ ಒತ್ತಿದರೆ ನಿನ್ನೆಯದು ಬರಬೇಕು, ಅಷ್ಟೇ. ಪೆನ್‌ಡ್ರೈವ್ ಚುಚ್ಚಿ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್‌ಗಳೂ ಇವೆ. ಅಮ್ಮ ಮಲಗುವ ಮುಂಚೆ ಹಾಲ್‌ನ ಸ್ವಿಚ್ಚನ್ನೇ ಆರಿಸುವವಳು. ಆ ಕೆಂಪು ದೀಪಕ್ಕೂ ಕರೆಂಟ್ ಬಿಲ್ ಬರುತ್ತದೆ ಅನ್ನುವುದು ಅವಳ ವಾದ. ಹಾಗಾಗಿ ಆ ಬಾಕ್ಸ್ ರಾತ್ರಿ ರೆಕಾರ್ಡ್ ಮಾಡುವ ಮಾತೇ ಇಲ್ಲ. (ಈ ಸ್ವಿಚ್ಚಿನ ವಿಷಯ ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.)

ಇನ್ನೊಂದು ಕಾರಣವೂ ಇದೆ, ಸುಳ್ಳು ಯಾಕೆ ಹೇಳಲಿ. ನನ್ನ ರೂಮಿನಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿತ್ತು. ಅದಕ್ಕೆ ಏನಾದರೂ ಕೆಲಸ ಹಚ್ಚಬೇಕು ಅಂತ ಕೈ ತುರಿಸುತ್ತಿತ್ತು. ಅದರಲ್ಲೇ ಟಿವಿ ಹಿಡಿದು ಕ್ವಿಜ್ ರೆಕಾರ್ಡ್ ಮಾಡೋಣ ಅಂದುಕೊಂಡೆ.

ಅಟ್ಟದಲ್ಲಿ ಹಳೆಯ ಟಿವಿ ಟ್ಯೂನರ್ ಕಾರ್ಡ್ (ಕಂಪ್ಯೂಟರಿನಲ್ಲಿ ಟಿವಿ ಹಿಡಿಯುವ ಕಾರ್ಡ್) ಇದೆ ಅನ್ನುವುದು ನೆನಪಿತ್ತು. ಕಾಲೇಜಿನಲ್ಲಿದ್ದಾಗ, 2005ರಲ್ಲಿ, ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ತಂದಿದ್ದು. ಹಬ್ಬದ ಹಿತ್ತಾಳೆ ಪಾತ್ರೆಗಳ ಹಿಂದೆ ಸಿಕ್ಕಿತು. ಕಾರ್ಡಿನ ಒಂದು ತುದಿಯಲ್ಲಿ ಬೆಂಕಿಪೊಟ್ಟಣದ ಅಳತೆಯ ತಗಡಿನ ಡಬ್ಬಿ, ಅದೇ ಟ್ಯೂನರ್. ಪಕ್ಕದಲ್ಲಿ ಬಿಟಿ878 ಅನ್ನುವ ಚಿಪ್. ಆ ಕಾಲದ ಅಗ್ಗದ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಇದೇ ಚಿಪ್, ಇಲ್ಲವೇ ಫಿಲಿಪ್ಸ್‌ನ ಎಸ್‌ಎಎ7134 ಜಾತಿಯದ್ದು ಇರುತ್ತಿತ್ತು. ಕೇಬಲ್‌ನವರ ವೈರನ್ನು ನೇರವಾಗಿ ಚುಚ್ಚಿದರೆ ಮಾನಿಟರ್‌ನಲ್ಲಿ ಟಿವಿ ಬರುತ್ತಿತ್ತು. ಸದ್ದು ಬೇಕೆಂದರೆ ಕಾರ್ಡಿನಿಂದ ಸೌಂಡ್ ಕಾರ್ಡಿಗೆ ಗೇಣುದ್ದದ ಇನ್ನೊಂದು ವೈರ್. ಅದು ಸಡಿಲವಾದರೆ ಮೂಕಿ ಚಿತ್ರ.

ಈಗ ಅದರಿಂದ ಏನೂ ಪ್ರಯೋಜನ ಇಲ್ಲ. ಮೊದಲನೆಯದಾಗಿ ನನ್ನ ಮದರ್‌ಬೋರ್ಡಿನಲ್ಲಿ ಆ ಉದ್ದನೆಯ ಬಿಳಿ ಪಿಸಿಐ ಸ್ಲಾಟೇ ಇಲ್ಲ, ಇರುವುದೆಲ್ಲ ಪಿಸಿಐ ಎಕ್ಸ್‌ಪ್ರೆಸ್. ಎರಡನೆಯದಾಗಿ ಈ ಚಿಪ್ ಚಿತ್ರವನ್ನು ಕುಗ್ಗಿಸುವುದಿಲ್ಲ, ಬಂದದ್ದನ್ನು ಹಾಗೇ ಸುರಿಯುತ್ತದೆ. ಲೆಕ್ಕ ಹಾಕಿ ನೋಡಿ. ಅಡ್ಡಕ್ಕೆ 720 ಚುಕ್ಕೆ, ಉದ್ದಕ್ಕೆ 576, ಸೆಕೆಂಡಿಗೆ 25 ಚಿತ್ರ, ಚುಕ್ಕೆಗೆ 2 ಬೈಟ್. ಸೆಕೆಂಡಿಗೆ 20.7 ಮೆಗಾಬೈಟ್, ಗಂಟೆಗೆ 75 ಜಿಬಿ ಹತ್ತಿರ. ಆಗ ನನ್ನ ಹಾರ್ಡ್ ಡಿಸ್ಕ್ ಇದ್ದದ್ದೇ 40 ಜಿಬಿ! ಬರುಬರುತ್ತಲೇ ಎಂಪೆಗ್-2ಗೆ ಕುಗ್ಗಿಸುವ ಚಿಪ್ ಹೊತ್ತ ಹಾಪಾಗ್ ಪಿವಿಆರ್-150 ತರಹದ ಕಾರ್ಡನ್ನು ನಾವೆಲ್ಲ ಅಂಗಡಿಯ ಗಾಜಿನ ಆಚೆಯಿಂದ ನೋಡಿ ಬರುತ್ತಿದ್ದೆವು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ತಿನ್ನಿಸುವ ಸಿಗ್ನಲ್ಲೇ ಈಗ ಇಲ್ಲ. ದೂರದರ್ಶನ ತನ್ನ ನೆಲದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ಮುಚ್ಚುತ್ತಾ ಬಂದು 2022ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವನ್ನೂ ನಿಲ್ಲಿಸಿತು. ಕೇಬಲ್ ಅದಕ್ಕೂ ಮುಂಚೆಯೇ ಡಿಜಿಟಲ್ ಆಯಿತು.

ಕಾರ್ಡನ್ನು ಒರೆಸಿ, ಮತ್ತೆ ಪಾತ್ರೆಗಳ ಹಿಂದೆ ಇಟ್ಟೆ. ಎಸೆಯಲು ಮನಸ್ಸು ಬರಲಿಲ್ಲ.

ಇಷ್ಟರಲ್ಲಿ ನನ್ನ ತಮ್ಮ, ಕೇಳದೆಯೇ, ಆನ್‌ಲೈನ್‌ನಲ್ಲಿ ಒಂದು ಯುಎಸ್‌ಬಿ ಸ್ಟಿಕ್ ತರಿಸಿಕೊಟ್ಟ. ಹೆಬ್ಬೆರಳಿನಷ್ಟು ದಪ್ಪ, ಜೊತೆಗೆ ಅಯಸ್ಕಾಂತದ ಬುಡದ ಪುಟ್ಟ ಆಂಟೆನಾ. ಡಬ್ಬಿಯ ಮೇಲೆ ಡಿಜಿಟಲ್ ಟಿವಿ ಅಂತ ದಪ್ಪಕ್ಷರ. ಒಳಗಿದ್ದದ್ದು ಆರ್‌ಟಿಎಲ್2832ಯು ಚಿಪ್. ಅದು ಹಿಡಿಯುವುದು ಡಿವಿಬಿ-ಟಿ, ನೆಲದ ಡಿಜಿಟಲ್ ಟಿವಿಯ ಹಳೆಯ ಪದ್ಧತಿ. ದೂರದರ್ಶನ 2016ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಶುರು ಮಾಡಿದ್ದು ಡಿವಿಬಿ-ಟಿ2. ಹೆಸರಿನಲ್ಲಿ ಒಂದಂಕಿ ವ್ಯತ್ಯಾಸ, ಆದರೆ ಟಿ ಮಾತ್ರ ಗೊತ್ತಿರುವ ಚಿಪ್ಪಿಗೆ ಟಿ2 ಅರ್ಥವಾಗುವುದಿಲ್ಲ. ಅರ್ಥವಾಗಿದ್ದರೂ ನಾವಿರುವುದು ತುಮಕೂರಿನ ಬಟವಾಡಿಯಲ್ಲಿ, ಬೆಂಗಳೂರಿನಿಂದ 70 ಕಿಲೋಮೀಟರ್ ಈಚೆ.

ಸ್ಟಿಕ್ ವ್ಯರ್ಥವಾಗಲಿಲ್ಲ ಬಿಡಿ. ಈ ಚಿಪ್ ಕಚ್ಚಾ ರೇಡಿಯೊ ಅಲೆಗಳನ್ನೇ ಕಂಪ್ಯೂಟರಿಗೆ ಕೊಡಬಲ್ಲದು ಅನ್ನುವುದನ್ನು 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡಿದ್ದಾರೆ. ತಮ್ಮ ಈಗ ಅದರಲ್ಲಿ ಕಾಮನಬಿಲ್ಲು 101.3 ಕೇಳುತ್ತಾನೆ, ವಿಮಾನಗಳು ಕಳಿಸುವ ಸಂಕೇತ ಹಿಡಿಯುತ್ತಾನೆ. ಟಿವಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ.

ಅಲ್ಲಿಗೆ ನನಗೆ ಬುದ್ಧಿ ಬಂತು. ಕಾರ್ಡ್ ಹುಡುಕುವುದನ್ನು ನಿಲ್ಲಿಸಿ, ಒಂದು ಹಾಳೆ ತೆಗೆದುಕೊಂಡು, ನಮ್ಮ ಮನೆಗೆ ಯಾವ್ಯಾವ ದಾರಿಯಲ್ಲಿ ಟಿವಿ ಬರುತ್ತದೆ ಅಂತ ಬರೆದೆ. ನೆಲದ ಆಂಟೆನಾ: ಇಲ್ಲ. ಕೇಬಲ್: ಬರುತ್ತದೆ, ಆದರೆ ಬೀಗ ಹಾಕಿಕೊಂಡು. ನಮ್ಮಂಥ ಊರುಗಳಿಗೆ ಕೇಬಲ್ ಡಿಜಿಟಲ್ ಆಗಲು ಕೊಟ್ಟ ಗಡುವು 2015ರ ಡಿಸೆಂಬರ್ 31. ಡಿಜಿಟಲ್ ಆದ ಮೇಲೆ ಚಾನೆಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿ ಬರುತ್ತವೆ, ಬೀಗದ ಕೈ ಕೇಬಲ್‌ನವರು ಕೊಟ್ಟ ಬಾಕ್ಸ್‌ನೊಳಗೆ. ಕೇಬಲ್ ಹಿಡಿಯುವ ಡಿವಿಬಿ-ಸಿ ಕಾರ್ಡ್ ಕೊಂಡರೆ ಸಿಗ್ನಲ್ ಹಿಡಿಯುತ್ತದೆ, ಚಾನೆಲ್ ಹೆಸರೂ ತೋರಿಸಬಹುದು, ಚಿತ್ರ ಮಾತ್ರ ಬರುವುದಿಲ್ಲ. ಖಾಸಗಿ ಡಿಟಿಎಚ್ ಕಥೆಯೂ ಅದೇ.

ಉಳಿದದ್ದು ಒಂದೇ, ಡಿಡಿ ಫ್ರೀ ಡಿಶ್. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಿನಲ್ಲಿ ಶುರುವಾಗಿದ್ದು ಇದೇ. ತಿಂಗಳ ಬಾಡಿಗೆ ಇಲ್ಲ, ಚಂದನಕ್ಕೆ ಬೀಗವೂ ಇಲ್ಲ. ನಮ್ಮ ಹಾಲ್‌ನಲ್ಲಿ ಅದರ ಬಾಕ್ಸ್ ಹೇಗೂ ಇತ್ತು. ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ.

ಇಷ್ಟು ಗೊತ್ತಾದ ಮೇಲೆ ಕಾರ್ಡ್ ತಾನಾಗಿಯೇ ಗೊತ್ತಾಯಿತು. ಉಪಗ್ರಹದ್ದನ್ನು ಹಿಡಿಯುವ ಡಿವಿಬಿ-ಎಸ್2 ಕಾರ್ಡ್ ಬೇಕು. ಎಸ್2 ಇದ್ದರೆ ಹಳೆಯ ಎಸ್ ಕೂಡ ಹಿಡಿಯುತ್ತದೆ, ಇಲ್ಲಿ ಟಿ-ಟಿ2 ತರಹದ ತೊಂದರೆ ಇಲ್ಲ. ಸ್ಮಾರ್ಟ್ ಕಾರ್ಡ್ ತೂರಿಸುವ ಕಿಂಡಿ ಇರುವ ಮಾಡೆಲ್‌ಗಳಿಗೆ ಬೆಲೆ ಜಾಸ್ತಿ, ನಮಗೆ ಅದು ಬೇಡ. ಯುಎಸ್‌ಬಿಯದ್ದು ಬೇಡ ಅಂತ ತೀರ್ಮಾನಿಸಿದ್ದಕ್ಕೆ ಕಾರಣ ಬೇರೆ. ಡಿಶ್ ಮೇಲಿನ, ಸಿಗ್ನಲ್ ಹಿಡಿದು ಕೇಬಲ್ಲಿಗೆ ಇಳಿಸುವ ಎಲ್‌ಎನ್‌ಬಿಗೆ ಕರೆಂಟ್ ಕೊಡುವುದು ಟ್ಯೂನರ್‌ನ ಕೆಲಸ. ಯುಎಸ್‌ಬಿಯಿಂದ ಅಷ್ಟು ಸಿಗುವುದಿಲ್ಲ ಅಂತ ಅವಕ್ಕೆ ಬೇರೆ ಅಡಾಪ್ಟರ್ ಕೊಟ್ಟಿರುತ್ತಾರೆ. ಇನ್ನೊಂದು ಅಡಾಪ್ಟರ್ ಅಂದರೆ ಅಮ್ಮನಿಗೆ ಆರಿಸಲು ಇನ್ನೊಂದು ಸ್ವಿಚ್.

ಒಂದು ಟ್ಯೂನರ್ ಸಾಕೇ, ಎರಡಿರುವುದು ಬೇಕೇ? ಈ ಪ್ರಶ್ನೆಗೆ ಎರಡು ದಿನ ತಲೆ ಕೆಡಿಸಿಕೊಂಡೆ. ಅನಲಾಗ್ ಕಾಲದಲ್ಲಿ ಒಂದು ಟ್ಯೂನರ್ ಅಂದರೆ ಒಂದು ಚಾನೆಲ್. ಉಪಗ್ರಹದಲ್ಲಿ ಹಾಗಲ್ಲ. ಒಂದು ಟ್ರಾನ್ಸ್‌ಪಾಂಡರಿನ (ಒಂದು ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡುವ ಉಪಗ್ರಹದ ಘಟಕ) ಮೇಲೆ ಹತ್ತಾರು ಚಾನೆಲ್‌ಗಳು ಒಂದೇ ಕಟ್ಟಾಗಿ ಬರುತ್ತವೆ. ಟ್ಯೂನರ್ ಆ ಇಡೀ ಕಟ್ಟನ್ನು ಹಿಡಿಯುತ್ತದೆ. ಫ್ರೀ ಡಿಶ್‌ನಲ್ಲಿ ಸಿಂಬಲ್ ರೇಟ್ (ಸೆಕೆಂಡಿಗೆ ಎಷ್ಟು ಸಾವಿರ ಸಂಕೇತ ಅನ್ನುವ ಲೆಕ್ಕ) 29500, ಬಿಟ್‌ಗಳಲ್ಲಿ ಕಾಲು ಪಾಲು ತಪ್ಪು ತಿದ್ದುವುದಕ್ಕೆ. ಹೆಚ್ಚುವರಿ ಬಿಟ್‌ಗಳನ್ನೆಲ್ಲ ಕಳೆದರೂ ಸೆಕೆಂಡಿಗೆ 40 ಮೆಗಾಬಿಟ್ ಮಿಕ್ಕುತ್ತದೆ. ಅದರಲ್ಲಿ ಒಂದು ಸಾಧಾರಣ ಚಾನೆಲ್‌ಗೆ 3 ಮೆಗಾಬಿಟ್ ಆಸುಪಾಸು. ಒಂದೇ ಕಟ್ಟಿನ ಎಷ್ಟು ಚಾನೆಲ್ ಬೇಕಾದರೂ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಬೇರೆ ಬೇರೆ ಕಟ್ಟಿನ ಎರಡು ಚಾನೆಲ್ ಒಂದೇ ಹೊತ್ತಿಗೆ ಬೇಕು ಅನ್ನುವವರಿಗೆ ಮಾತ್ರ ಎರಡು ಟ್ಯೂನರ್ ಬೇಕು. ಅಮ್ಮನಿಗೆ ಕ್ವಿಜ್ ಬಿಟ್ಟರೆ ಬೇರೇನೂ ಬೇಡ.

ಒಂದು ಟ್ಯೂನರ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ 3,200 ರೂಪಾಯಿಗೆ ಸಿಕ್ಕಿತು. ಕೊಳ್ಳುವ ಮುಂಚೆ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿದೆ: ಒಳಗಿನ ಚಿಪ್ ಯಾವುದು, ಫೋಟೊ ಕಳಿಸಿ. ಡಬ್ಬಿಯ ಮೇಲಿನ ಹೆಸರಿಗಿಂತ ಇದು ಮುಖ್ಯ. ಕೆಲವು ಕಾರ್ಡ್‌ಗಳಿಗೆ ಕಂಪನಿಯವರೇ ಕೊಡುವ ಡ್ರೈವರ್ ಬೇಕು, ಲಿನಕ್ಸ್‌ನ (ನನ್ನದು ಉಬುಂಟು) ತಿರುಳಾದ ಕರ್ನಲ್ ಹೊಸದಾದಾಗಲೆಲ್ಲ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ಫೋಟೊದಲ್ಲಿ ಸಿಎಕ್ಸ್23885 ಮತ್ತು ಎಂ88ಡಿಎಸ್3103 ಅಂತ ಕಂಡಿತು. ಎರಡಕ್ಕೂ ಡ್ರೈವರ್ ಕರ್ನಲ್‌ನಲ್ಲೇ ಇದೆ. ತಕ್ಷಣ ದುಡ್ಡು ಕಳಿಸಿದೆ.

ಕೂರಿಸಿದ್ದು ಒಂದು ಭಾನುವಾರ. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಕ್ಯಾಬಿನೆಟ್ ಸಣ್ಣದಿದ್ದರೆ ಗಿಡ್ಡ ಬ್ರಾಕೆಟ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಉಬುಂಟು ಕಾರ್ಡನ್ನು ಗುರುತಿಸಿತು, ಆದರೆ ಸ್ಕ್ಯಾನ್ ಮಾಡಿದರೆ ಸೊನ್ನೆ. ಕರ್ನಲ್ ಲಾಗ್ ತೆಗೆದು ನೋಡಿದರೆ ಎಂ88ಡಿಎಸ್3103ರ ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅಂತ ಒಂದು ಸಾಲು. ಡ್ರೈವರ್ ಇದ್ದರೂ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ, ಬೇರೆ ತಂದು ಹಾಕಬೇಕು. ಹಾಕಿ, ಪೂರ್ತಿ ಆಫ್ ಮಾಡಿ, ಮತ್ತೆ ಹಚ್ಚಿದೆ. ಸರಿಹೋಯಿತು. ರೆಕಾರ್ಡಿಂಗ್ ನೋಡಿಕೊಳ್ಳಲು ಟಿವಿಹೆಡೆಂಡ್, ಹಾಲ್‌ನ ಟಿವಿಯಲ್ಲಿ ತೋರಿಸಲು ಕೋಡಿ.

ನಿಜವಾದ ಕೆಲಸ ಇದ್ದದ್ದು ತಾರಸಿಯ ಮೇಲೆ.

ಹೊಸ ನೀರಿನ ಟ್ಯಾಂಕ್ ಕೂರಿಸಿದಾಗ ಡಿಶ್ಶನ್ನು ಪಕ್ಕಕ್ಕೆ ಸರಿಸಬೇಕಾಗಿ ಬಂದಿತ್ತು. ಡಿಶ್ ಹುಡುಗ ಬಂದು ತಿರುಗಿಸಿ ಕೂರಿಸಿ ಹೋಗಿದ್ದ. ಹಾಲ್‌ನ ಬಾಕ್ಸ್‌ನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಮಾತ್ರ ಮೋಡ ಕವಿದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಹುಡುಗನಿಗೆ ಫೋನ್ ಮಾಡಿದೆ. "ಬಾಕ್ಸ್‌ನಲ್ಲಿ ಕ್ವಾಲಿಟಿ 60 ತೋರಿಸ್ತಿತ್ತಲ್ಲ ಅಕ್ಕ, ಇನ್ನೇನು ಬೇಕು?" ಅಂದ. ಅವನದ್ದೂ ತಪ್ಪಲ್ಲ. ಬಾಕ್ಸ್ ತೋರಿಸುವ ಆ 60 ಯಾವ ಅಳತೆಯದ್ದು ಅಂತ ಯಾರಿಗೂ ಗೊತ್ತಿಲ್ಲ. ಟಿವಿಹೆಡೆಂಡ್, ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವುದನ್ನು ಡೆಸಿಬೆಲ್‌ನಲ್ಲಿ ಹೇಳುತ್ತದೆ. 7.4 ಇತ್ತು. ಈ ಸಿಗ್ನಲ್‌ಗೆ ಏಳರ ಆಸುಪಾಸಿನಲ್ಲೇ ಚಿತ್ರ ಒಡೆಯಲು ಶುರು. ಅಂದರೆ ನಾವು ಅಂಚಿನ ಮೇಲೆ ನಿಂತಿದ್ದೆವು.

ಕಾಗದದ ಮೇಲೆ ಲೆಕ್ಕ ಹಾಕಿದೆ. ತುಮಕೂರಿನಿಂದ ಈ ಉಪಗ್ರಹ ಕಾಣುವುದು ಉತ್ತರದಿಂದ ಪೂರ್ವಕ್ಕೆ 128 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ. ವಾಸ್ತು ನೋಡಿ ಕಟ್ಟಿಸಿದ ಮನೆ ನಮ್ಮದು, ಅಡುಗೆಮನೆ ಆಗ್ನೇಯ ಮೂಲೆಯಲ್ಲೇ ಇದೆ. ಡಿಶ್ ಅಡುಗೆಮನೆಯ ನೆತ್ತಿಯ ಮೇಲೆ ನೋಡುತ್ತಿರಬೇಕು. ಇನ್ನೂ ಸುಲಭದ ಗುರುತು ಬೇಕೆಂದರೆ, ನಕ್ಷೆಯಲ್ಲಿ ನಮ್ಮೂರಿನಿಂದ ಬೆಂಗಳೂರಿಗೆ ಗೆರೆ ಎಳೆಯಿರಿ. ಕೋನ ಹತ್ತಿರ ಹತ್ತಿರ ಅದೇ ಬರುತ್ತದೆ. ಎತ್ತರ 65 ಡಿಗ್ರಿ. ಪಕ್ಕದ ಮನೆಯ ತೆಂಗಿನಮರ ಅಡ್ಡ ಬರಬಹುದು ಅಂತ ಅನುಮಾನವಿತ್ತು. ಆದರೆ 65 ಡಿಗ್ರಿ ಅಂದರೆ ಬಹಳ ಮೇಲೆ. ಗರಿಯ ತುದಿ ಡಿಶ್‌ಗಿಂತ 20 ಅಡಿ ಎತ್ತರ ಇದ್ದರೂ, ಹತ್ತಡಿ ಆಚೆ ಇದ್ದರೆ ತೊಂದರೆ ಇಲ್ಲ. ನಮ್ಮದು ಹದಿನೈದಡಿ ಆಚೆ ಇದೆ.

ದಿಕ್ಕು ಸರಿ ಇತ್ತು, ಎತ್ತರ ಸರಿ ಇತ್ತು. ತಪ್ಪು ಇದ್ದದ್ದು ಎಲ್‌ಎನ್‌ಬಿಯ ತಿರುವಿನಲ್ಲಿ. ಉಪಗ್ರಹದ ಅಲೆಗಳು ಲಂಬವಾಗಿಯೋ ಅಡ್ಡವಾಗಿಯೋ ಕಂಪಿಸುತ್ತಾ ಬರುತ್ತವೆ, ನಮಗೆ ಬೇಕಾದದ್ದು ಲಂಬ. ಉಪಗ್ರಹ ನೇರ ದಕ್ಷಿಣಕ್ಕಿದ್ದರೆ ಅದರ ಲಂಬ ಅಲೆ ನಮಗೂ ಲಂಬವಾಗಿಯೇ ಕಾಣುತ್ತದೆ. ನಮಗೆ ಅದು ಪಕ್ಕಕ್ಕಿದೆ, ಮೇಲಾಗಿ ನಾವು ಸಮಭಾಜಕಕ್ಕೆ ಹತ್ತಿರ. ಹಾಗಾಗಿ ಅಲೆ ಸುಮಾರು 50 ಡಿಗ್ರಿ ವಾಲಿಕೊಂಡು ಇಳಿಯುತ್ತದೆ. ಗಡಿಯಾರದ ನಿಮಿಷದ ಮುಳ್ಳು ಎಂಟು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಸರಿದಷ್ಟು. ಎಲ್‌ಎನ್‌ಬಿಯನ್ನೂ ಅಷ್ಟೇ ವಾಲಿಸಬೇಕು. ಕಡಿಮೆ ವಾಲಿಸಿದರೆ ಅಡ್ಡ ಅಲೆಯ ಸಿಗ್ನಲ್ಲೂ ಒಳಗೆ ನುಸುಳಿ ನಮ್ಮದನ್ನು ಕೆಡಿಸುತ್ತದೆ. ಬಲ ತುಂಬ ಇದೆ ಅಂತ ಮೀಟರ್ ತೋರಿಸುತ್ತದೆ, ಗುಣ ಮಾತ್ರ ಇರುವುದಿಲ್ಲ. ಹುಡುಗ 30 ಡಿಗ್ರಿಗೇ ನಿಲ್ಲಿಸಿದ್ದ.

ಮೊಬೈಲಿನಲ್ಲಿ ಟಿವಿಹೆಡೆಂಡ್ ಪುಟ ತೆರೆದು ಪ್ಯಾರಾಪೆಟ್ ಮೇಲೆ ಒರಗಿಸಿಟ್ಟೆ. ವೈಫೈ ಅಲ್ಲಿಗೆ ಒಂದು ಗೆರೆಯಷ್ಟೇ ಬರುತ್ತಿತ್ತು. ಎಲ್‌ಎನ್‌ಬಿಯ ಪಟ್ಟಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಕೊರಳು ಹಿಡಿದು, ಕೂದಲೆಳೆಯಷ್ಟು ತಿರುಗಿಸುವುದು, ಐದು ಸೆಕೆಂಡ್ ಕಾಯುವುದು. 7.9. ಮತ್ತೆ ತಿರುಗಿಸುವುದು. 8.8. ಅವಸರ ಮಾಡಿದರೆ ಅಂಕಿ ಹಿಂದೆ ಬಿದ್ದು ಮೋಸ ಹೋಗುತ್ತೀರಿ. 10.6 ದಾಟಿದ ಮೇಲೆ ಕೈಯೆಲ್ಲ ಬೆವರು. 11.2ಕ್ಕೆ ಹೋಗಿ, ಇನ್ನೂ ತಿರುಗಿಸಿದರೆ ಇಳಿಯತೊಡಗಿತು. ಹಿಂದಕ್ಕೆ ತಂದು ಬಿಗಿ ಮಾಡಿ, ಕೊರಳಿನ ಮೇಲೂ ಪಟ್ಟಿಯ ಮೇಲೂ ಸೇರುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆದೆ. ನಾಳೆ ಕೋತಿ ಬಂದು ತಿರುಗಿಸಿದರೂ ಗುರುತು ಇರಲಿ ಅಂತ. ನಮ್ಮ ಬೀದಿಯಲ್ಲಿ ಇದು ತಮಾಷೆಯ ಮಾತಲ್ಲ.

ಈಗ ಸ್ಪ್ಲಿಟರ್ ವಿಷಯ. ಡಿಶ್ ಒಂದು, ಕೇಬಲ್ ಒಂದು, ಹೋಗಬೇಕಾದ್ದು ಎರಡು ಕಡೆ: ಹಾಲ್‌ನ ಬಾಕ್ಸ್, ನನ್ನ ಕಂಪ್ಯೂಟರ್. ಉಪಗ್ರಹದ ಕೇಬಲ್ಲನ್ನು ಹೀಗೆ ಸುಮ್ನೆ ಕವಲು ಒಡೆಯಬಾರದು ಅನ್ನುತ್ತಾರೆ. ಯಾಕೆಂದರೆ ಟ್ಯೂನರ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ಲಂಬ ಅಲೆ ಕಳಿಸುತ್ತದೆ, 18 ಕೊಟ್ಟರೆ ಅಡ್ಡ ಅಲೆ. ಜೊತೆಗೆ 22 ಕಿಲೋಹರ್ಟ್ಸ್ ಸದ್ದು ಸೇರಿಸಿದರೆ ಮೇಲಿನ ಬ್ಯಾಂಡ್, ಇಲ್ಲದಿದ್ದರೆ ಕೆಳಗಿನದು. ಒಬ್ಬರು 13, ಇನ್ನೊಬ್ಬರು 18 ಕೇಳಿದರೆ ಜಗಳ. ಆದರೆ ನನ್ನ ಸ್ಕ್ಯಾನ್ ಪಟ್ಟಿ ನೋಡಿದರೆ ಫ್ರೀ ಡಿಶ್‌ನದ್ದು ಎಲ್ಲವೂ ಲಂಬ, ಎಲ್ಲವೂ ಕೆಳಗಿನ ಬ್ಯಾಂಡ್. ಇಬ್ಬರೂ ಯಾವಾಗಲೂ ಕೇಳುವುದು 13 ವೋಲ್ಟನ್ನೇ. ಜಗಳಕ್ಕೆ ಅವಕಾಶವೇ ಇಲ್ಲ, ಅಲ್ವಾ? ಒಬ್ಬೊಬ್ಬರಿಗೆ ಬೇಕಾದ ಅಲೆಯನ್ನು ಹಂಚುವ ಎಂಟು ಕಿಂಡಿಯ ಮಲ್ಟಿಸ್ವಿಚ್ ಬೇಡ, ಸಣ್ಣ ಸ್ಪ್ಲಿಟರ್ ಸಾಕು.

ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಕೇಬಲ್ ಟಿವಿಯ ಸ್ಪ್ಲಿಟರ್. ಅದರ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಅಂತ ಬರೆದಿತ್ತು. ನಮಗೆ ಅದಾಗುವುದಿಲ್ಲ. 11090 ಮೆಗಾಹರ್ಟ್ಸ್‌ನಲ್ಲಿ ಬಂದದ್ದರಿಂದ ಎಲ್‌ಎನ್‌ಬಿ 9750 ಕಳೆದು 1340 ಮಾಡಿ ಕೆಳಗೆ ಕಳಿಸುತ್ತದೆ. 2150ರವರೆಗೆ, ಇಲ್ಲ 2400ರವರೆಗೆ ಅಂತ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಎಲ್ಲ ಜೋಡಿಸಿದೆ. ಆ ವಾರ ಅಮ್ಮ ಗುಬ್ಬಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಎರಡು ರಾತ್ರಿ ರೆಕಾರ್ಡಿಂಗ್ ಕನ್ನಡಿಯಷ್ಟು ಚೆನ್ನಾಗಿ ಬಂತು. ಅಮ್ಮ ವಾಪಸ್ ಬಂದ ರಾತ್ರಿ ಫೈಲ್ ಸೊನ್ನೆ ಬೈಟ್. ಮರುದಿನವೂ ಸೊನ್ನೆ. ಹಗಲು ಹೊತ್ತು ಪರೀಕ್ಷೆ ಮಾಡಿದರೆ ಎಲ್ಲ ಸರಿ. ರಾತ್ರಿ ಮಾತ್ರ ಸತ್ತ ಹಾಗೆ.

ಏನೇನೋ ಅನುಮಾನ ಪಟ್ಟೆ. ಕಂಪ್ಯೂಟರ್ ನಿದ್ದೆಗೆ ಜಾರುತ್ತಿದೆಯಾ? ಇಲ್ಲ, ಲಾಗ್‌ನಲ್ಲಿ ಇಡೀ ರಾತ್ರಿ ಎಚ್ಚರವಾಗಿದೆ. ಕಾರ್ಡ್ ಬಿಸಿಯಾಗುತ್ತಿದೆಯಾ? ಮುಟ್ಟಿ ನೋಡಿದರೆ ಬೆಚ್ಚಗೂ ಇಲ್ಲ. ಇಬ್ಬನಿ ಬಿದ್ದು ಕನೆಕ್ಟರ್ ಒದ್ದೆಯಾಗುತ್ತಿದೆಯಾ? ಮೂರನೆಯ ರಾತ್ರಿ ಒಂಬತ್ತೂವರೆಗೆ ಟಾರ್ಚ್ ಹಿಡಿದು ತಾರಸಿ ಹತ್ತಿದೆ. ಎದುರು ಮನೆಯ ಅಂಕಲ್ "ಯಾರಮ್ಮಾ ಅದು?" ಅಂತ ಕೂಗಿದರು. ಕನೆಕ್ಟರ್ ಒಣಗಿಯೇ ಇತ್ತು.

ಕೆಳಗೆ ಬಂದು, ಡಿಶ್‌ನದ್ದೇ ತೊಂದರೆಯಾ ನೋಡೋಣ ಅಂತ ಹಾಲ್‌ನಲ್ಲಿ ಟಿವಿ, ಬಾಕ್ಸ್ ಹಾಕಿದೆ. ಚಂದನ ಬಂತು. ರೂಮಿಗೆ ಹೋದರೆ ಕಂಪ್ಯೂಟರಿನಲ್ಲೂ ಬರುತ್ತಿದೆ! ಟಿವಿ ಆರಿಸಿ, ಸ್ವಿಚ್ ತೆಗೆದು, ಖುಷಿಯಾಗಿ ವಾಪಸ್ ಬಂದೆ. ಸಿಗ್ನಲ್ ಸೊನ್ನೆ. ಮತ್ತೆ ಹಾಲ್‌ಗೆ ಹೋದೆ, ಹಾಕಿದೆ, ಬಂದೆ: 11.1. ಹೋದೆ, ಆರಿಸಿದೆ, ಬಂದೆ: ಸೊನ್ನೆ. ಮೂರನೆಯ ಸಲ ಹಾಲ್ ಬಾಗಿಲಲ್ಲಿ ನಿಂತು ಆ ಸ್ವಿಚ್ ಬೋರ್ಡನ್ನೇ ನೋಡಿದೆ. "ಏನೇ ಅದು ರಾತ್ರಿ ಹೊತ್ತು ಟಪ್ ಟಪ್ ಅಂತ?" ಒಳಗಿನಿಂದ ಅಮ್ಮ.

ಮಲ್ಟಿಮೀಟರ್ ತಂದು ಸ್ಪ್ಲಿಟರ್ ಬಿಚ್ಚಿದೆ. ಕಂಪ್ಯೂಟರಿನಿಂದ ಬಂದ ಕೇಬಲ್ಲಿನ ನಡುವಿನ ತಂತಿಗೆ ಕೆಂಪು, ಹೊರಗಿನ ಲೋಹಕ್ಕೆ ಕಪ್ಪು: 13.4 ವೋಲ್ಟ್. ಕಾರ್ಡ್ ತನ್ನ ಕೆಲಸ ಮಾಡುತ್ತಿದೆ. ಅದೇ ಕೇಬಲ್ ಸ್ಪ್ಲಿಟರ್‌ಗೆ ಹಾಕಿ, ಡಿಶ್ ಕಡೆಯ ಕಿಂಡಿಯಲ್ಲಿ ಅಳೆದೆ: ಸೊನ್ನೆ. ಸ್ಪ್ಲಿಟರ್ ತಿರುಗಿಸಿ ಟಾರ್ಚ್ ಬಿಟ್ಟೆ. ಎರಡು ಕಿಂಡಿಗಳ ಪೈಕಿ ಒಂದರ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಪವರ್ ಪಾಸ್ ಅಂತ ಕೆತ್ತಿತ್ತು, ಒಂದು ಕೆಂಪು ಗೆರೆ ಬೇರೆ. ಆ ಕಿಂಡಿಗೆ ನಾನು ಹಾಲ್‌ನ ಬಾಕ್ಸ್ ಹಾಕಿದ್ದೆ. ಇನ್ನೊಂದು ಕಿಂಡಿ ಸಿಗ್ನಲ್ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ. ಅಂದರೆ ಎಲ್‌ಎನ್‌ಬಿಗೆ ಊಟ ಹಾಕುತ್ತಿದ್ದದ್ದು ಹಾಲ್‌ನ ಬಾಕ್ಸ್ ಮಾತ್ರ. ಅಮ್ಮ ಊರಲ್ಲಿ ಇಲ್ಲದಾಗ ನಾನು ರಿಮೋಟ್‌ನಲ್ಲಿ ಆರಿಸಿ ಮಲಗುತ್ತಿದ್ದೆ, ಬಾಕ್ಸ್ ಅರೆನಿದ್ದೆಯಲ್ಲೂ 13 ವೋಲ್ಟ್ ಕಳಿಸುತ್ತಿತ್ತು. ಅಮ್ಮ ಬಂದಳು, ಸ್ವಿಚ್ಚೇ ಆರಿಸಿದಳು, ಎಲ್‌ಎನ್‌ಬಿಗೆ ಉಪವಾಸ.

ಕೇಬಲ್ ಅದಲು ಬದಲು ಮಾಡಿದರೆ ಆಯಿತು ಅಂದುಕೊಂಡೆ. ಆದರೆ ಆಮೇಲೆ ನಾನು ಕಂಪ್ಯೂಟರ್ ಆರಿಸಿದಾಗ ಅಮ್ಮನ ಟಿವಿ ಹೋಗುತ್ತದೆ, ಅದನ್ನು ಎದುರಿಸುವ ಧೈರ್ಯ ನನಗಿಲ್ಲ. ಎರಡೂ ಕಡೆ ಪವರ್ ಪಾಸ್ ಇರುವ ಸ್ಪ್ಲಿಟರ್ ಸಿಗುತ್ತದೆ. ಒಳಗೆ ಪ್ರತಿ ಕಿಂಡಿಗೂ ಒಂದು ಡಯೋಡ್ ಇರುತ್ತದೆ, ಒಬ್ಬರ ಕರೆಂಟ್ ಇನ್ನೊಬ್ಬರೊಳಗೆ ನುಗ್ಗುವುದಿಲ್ಲ. ಯಾರು ಎಚ್ಚರವಿದ್ದಾರೋ ಅವರು ಕೊಡುತ್ತಾರೆ. ಹಾಕಿ ಅಳೆದರೆ ಡಿಶ್ ಕಡೆ 12.7. ಡಯೋಡ್ ನುಂಗಿದ 0.7 ವೋಲ್ಟ್‌ನಿಂದ ತೊಂದರೆ ಇಲ್ಲ. ಬೆಲೆ 150 ರೂಪಾಯಿ. ಮೂರು ರಾತ್ರಿಯ ನಿದ್ದೆ ಬೇರೆ.

ಈ ಜೋಡಣೆಯಲ್ಲಿ ಒಂದು ಎಚ್ಚರಿಕೆ ಬೇಕು. ಇಬ್ಬರಲ್ಲಿ ಒಬ್ಬರು 18 ವೋಲ್ಟ್ ಕೊಟ್ಟರೆ ಡಯೋಡ್ ದೊಡ್ಡದನ್ನೇ ಬಿಡುತ್ತದೆ, ಎಲ್‌ಎನ್‌ಬಿ ಅಡ್ಡ ಅಲೆಗೆ ತಿರುಗುತ್ತದೆ, ಇನ್ನೊಬ್ಬರ ಚಿತ್ರ ಮಾಯ. ಟಿವಿಹೆಡೆಂಡ್ ಬಿಡುವಿದ್ದಾಗ ತಾನಾಗಿಯೇ ಸ್ಕ್ಯಾನ್ ಮಾಡುವ ಪೈಕಿ. ಅದಕ್ಕೆ ಪಟ್ಟಿಯಲ್ಲಿದ್ದ ಅಡ್ಡ ಅಲೆಯ ನಮೂದುಗಳನ್ನೆಲ್ಲ ಅಳಿಸಿಬಿಟ್ಟೆ. ಬಾಕ್ಸ್‌ನಲ್ಲಿ ಎಲ್ಲ ಅಲೆಗಳನ್ನೂ ಜಾಲಾಡುವ ಬ್ಲೈಂಡ್ ಸ್ಕ್ಯಾನ್ ಒತ್ತಬೇಡ ಅಂತ ತಮ್ಮನಿಗೂ ಹೇಳಿದ್ದೇನೆ.

ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನೇ ಏಳುವಂತೆ ಬಯೋಸ್‌ನಲ್ಲಿ ಹಾಕಿದ್ದೇನೆ. ರೆಕಾರ್ಡ್ ಆದದ್ದು ಗಂಟೆಗೆ 1.3 ಜಿಬಿ ಲೆಕ್ಕಕ್ಕೆ ಬರುತ್ತದೆ, ಹಳೆಯ ಕಾರ್ಡಿನ 75ಕ್ಕೆ ಹೋಲಿಸಿ ನೋಡಿ. 15 ದಿನ ಆದ ಮೇಲೆ ಹಳೆಯದು ಅಳಿಸಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ತಾರಸಿಯ ಎಫ್ ಕನೆಕ್ಟರ್‌ಗಳಿಗೆ ರಬ್ಬರ್ ಟೋಪಿ ಹಾಕುವುದು ಬಾಕಿ ಇದೆ.

ಅಮ್ಮ ಈಗ ಬೆಳಗ್ಗೆ ಐದೂವರೆಗೆ ಕಾಫಿ ಲೋಟ ಹಿಡಿದು ಕೂರುತ್ತಾಳೆ. ಪ್ರಶ್ನೆ ಬಂದ ಕೂಡಲೇ ಪಾಸ್ ಒತ್ತುತ್ತಾಳೆ. ನಿಧಾನಕ್ಕೆ ಒಂದು ಗುಟುಕು ಕುಡಿದು, ಯೋಚಿಸಿ, ಉತ್ತರ ಹೇಳಿ, ಆಮೇಲೆ ಪ್ಲೇ.

"ಇದು ಮೋಸ ಅಲ್ವಾ ಅಮ್ಮ?" ಅಂದೆ.

"ಅವರಿಗೇನು ಗೊತ್ತಾಗುತ್ತೇನೆ, ಸುಮ್ನಿರು" ಅಂದಳು.